ಇಪ್ಪತ್ತಾರು ಅಂಕಿಗಳ ತಾಳೆ

ಶಕುಂತಲಾ ದೇವಿ ಲಂಡನ್ನಿನಲ್ಲಿ 28 ಸೆಕೆಂಡಿನಲ್ಲಿ ಮಾಡಿದ ಗುಣಾಕಾರ ಎಲ್ಲರಿಗೂ ಗೊತ್ತು. ನಾವು ಚಿಕ್ಕವರಿದ್ದಾಗ ಅಂಗಡಿಯ ಚಿಲ್ಲರೆ ಲೆಕ್ಕ ಸ್ವಲ್ಪ ಬೇಗ ಹೇಳಿದ ಹುಡುಗಿಯರೆಲ್ಲ ಶಕುಂತಲಾ ದೇವಿಯರೇ ಆಗುತ್ತಿದ್ದರು. ಮಗ್ಗಿ ತಪ್ಪಿದ ನನ್ನಂಥವರ ಮೇಲೆ ಅದೇ ಹೆಸರು ಬೈಗುಳವಾಗಿ ಬೀಳುತ್ತಿತ್ತು. ಆದರೆ ಆ 28 ಸೆಕೆಂಡಿನ ಕೊನೆಗೆ ಅವರ ಬಾಯಿಂದ ಬಂದ ಸಂಖ್ಯೆ ಯಾವುದು ಅಂತ ಯಾರನ್ನಾದರೂ ಕೇಳಿ ನೋಡಿ. "ಅದೇನೋ ದೊಡ್ಡದು" ಅನ್ನುತ್ತಾರೆ. ಸೆಕೆಂಡು ನೆನಪಿದೆ, ಸಂಖ್ಯೆ ನೆನಪಿಲ್ಲ. ಊಟ ಬಡಿಸಿದ ವೇಗವನ್ನು ಹೊಗಳಿ ಎಲೆಯ ಮೇಲೇನಿತ್ತು ಅಂತ ಮರೆತ ಹಾಗೆ.

ನನ್ನ ಹತ್ತಿರ ಆ ಸಂಖ್ಯೆ ಇತ್ತು. ಊರಿನ ಮನೆ ಖಾಲಿ ಮಾಡುವಾಗ ಅಪ್ಪನ ಟ್ರಂಕಿನಲ್ಲಿ ಹಳೆಯ ರಸೀದಿ ಪುಸ್ತಕಗಳ ಕೆಳಗೆ ನನ್ನ ಏಳನೇ ಕ್ಲಾಸಿನ ರಫ್ ನೋಟ್ಸ್ ಸಿಕ್ಕಿತು. ಅದರಲ್ಲಿ ಒಂದು ಪುಟದ ಅಡ್ಡಕ್ಕೆ, ಉದ್ದಕ್ಕೆ ಜಾಗ ಸಾಲದೆ, ಮೂರು ಸಾಲು:

7,686,369,774,870
× 2,465,099,745,779
= 18,947,668,177,995,462,462,773,730

ಇದನ್ನು ನೋಡಿದ ತಕ್ಷಣ ನನಗೆ ಶಕುಂತಲಾ ದೇವಿ ನೆನಪಾಗಲಿಲ್ಲ. ನೆನಪಾದದ್ದು ಒಂದು ಭಾನುವಾರ, ಕರೆಂಟು ಹೋದ ಕತ್ತಲೆ, ಮತ್ತು ಅಪ್ಪ ಹೇಳಿದ ಒಂದು ಮಾತು: "ಎರಡೂ ತಾಳೆ ಆಗ್ತಿವೆಯಲ್ಲೋ. ಎರಡೂ ಸರಿ ಇರೋಕೆ ಹೆಂಗಾಗುತ್ತೆ?" ಆ ಪ್ರಶ್ನೆಗೆ ನಲವತ್ತಕ್ಕೂ ಹೆಚ್ಚು ವರ್ಷ ಉತ್ತರ ಇರಲಿಲ್ಲ. ನಾನು ಹುಡುಕಿರಲೂ ಇಲ್ಲ.

ಭಾನುವಾರದ ಗುಣಾಕಾರ

1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಅಲ್ಲಿನ ಕಂಪ್ಯೂಟರ್ ವಿಭಾಗದವರು ಆರಿಸಿಕೊಟ್ಟ ಹದಿಮೂರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಶಕುಂತಲಾ ದೇವಿ ಮನಸ್ಸಿನಲ್ಲೇ ಗುಣಿಸಿದರು. ಸುದ್ದಿ ನಮ್ಮ ಸ್ಕೂಲಿಗೆ ಬಂದದ್ದು ಮೇಷ್ಟ್ರ ಜೊತೆ. ಅವರು ಒಂದು ಚೀಟಿ ನೋಡಿಕೊಂಡು ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಬರೆದರು. ಬೆಂಗಳೂರಿನಲ್ಲಿ ಹುಟ್ಟಿದ, ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದವರ ಮಗಳು, ಸ್ಕೂಲಿಗೆ ಸರಿಯಾಗಿ ಹೋಗದವರು ಅಂದಾಗ ಹಿಂದಿನ ಬೆಂಚಿನವರಿಗೆಲ್ಲ ಖುಷಿ. "ನಿಮಗೆ 28 ಸೆಕೆಂಡು ಬೇಡ, 28 ಗಂಟೆ ಕೊಡ್ತೀನಿ. ಸೋಮವಾರ ಮಾಡ್ಕೊಂಡು ಬನ್ನಿ" ಎಂದರು ಮೇಷ್ಟ್ರು. ಯಾರೂ ಮಾಡುವುದಿಲ್ಲ ಅಂತ ಅವರಿಗೂ ಗೊತ್ತಿತ್ತು. ಉತ್ತರ ಬೋರ್ಡಿನಲ್ಲೇ ಇತ್ತಲ್ಲ.

ನಾನು ಮಾಡಿದೆ. ಯಾಕೆ ಅಂತ ಈಗ ಹೇಳುವುದು ಕಷ್ಟ. ಗಣಿತದಲ್ಲಿ ಹಿಂದಿದ್ದೆ, ಒಂದು ಸಲವಾದರೂ ಯಾವುದಾದರೂ ದೊಡ್ಡ ಲೆಕ್ಕ ಕೊನೆಮುಟ್ಟಿಸಬೇಕು ಅನ್ನುವ ಹಟ ಇದ್ದಿರಬೇಕು. ಅಪ್ಪ ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದರು. ಮನೆಯಲ್ಲಿ ಒಂದು ಮಗ್ಗುಲು ಅಚ್ಚಾದ ಹಳೆಯ ಫಾರಂಗಳಿಗೆ ಬರವಿರಲಿಲ್ಲ. ಮೂರು ಫಾರಂಗಳನ್ನು ಗೋಂದು ಹಚ್ಚಿ ಜೋಡಿಸಿ, ಹಿಂಬದಿಯಲ್ಲಿ ಸ್ಕೇಲಿಟ್ಟು ಚೌಕ ಹಾಕಿ, ಒಂದೊಂದು ಚೌಕಕ್ಕೆ ಒಂದೊಂದು ಅಂಕಿ ಇಳಿಸಿದೆ. ಹದಿಮೂರು ಸಾಲು, ಅದರಲ್ಲಿ ಒಂದು ಸಾಲು ಬರೀ ಸೊನ್ನೆ. ಹದಿಮೂರು ಹದಿಮೂರ್ಲಿ ನೂರ ಅರವತ್ತೊಂಬತ್ತು ಚಿಕ್ಕ ಚಿಕ್ಕ ಗುಣಾಕಾರ, ಆಮೇಲೆ ಕೂಡುವುದು. ಕೂಡುವಾಗ ದಶಕ ಎಷ್ಟು ಬಂತು ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು ಅಮ್ಮನ ಹತ್ತಿರ ಬೈಸಿಕೊಂಡೆ. ಸಂಜೆ ಹೊತ್ತಿಗೆ ಉತ್ತರ ಬಂತು. ಬೋರ್ಡಿನದಕ್ಕೆ ಎಡಗಡೆಯಿಂದ ಹೋಲಿಸುತ್ತಾ ಬಂದೆ. ಸರಿ, ಸರಿ, ಸರಿ... ಮಧ್ಯದಲ್ಲೆಲ್ಲೋ ಕೈಕೊಟ್ಟಿತು. ಎಲ್ಲಿ ಅನ್ನುವುದು ಈಗ ನೆನಪಿಲ್ಲ. ಮುಂದೆ ನೋಡುವ ಮನಸ್ಸೂ ಆಗಲಿಲ್ಲ. ತಪ್ಪು ಅಂದಮೇಲೆ ತಪ್ಪು.

ಅಪ್ಪ ಸಂಘದಿಂದ ಬಂದು ಕೈಕಾಲು ತೊಳೆದು ಕೂತರು. ಭಾನುವಾರವೂ ಹೋಗುತ್ತಿದ್ದ ಮನುಷ್ಯ. ನನ್ನ ಜೋಡಿಸಿದ ಹಾಳೆ ನೋಡಿ ನಗಲಿಲ್ಲ, ಅದೇ ದೊಡ್ಡದು. ಪೆನ್ಸಿಲ್ ತೆಗೆದುಕೊಂಡು ಅಂಕಿಗಳ ಮೇಲೆ ಟಿಕ್ ಹಾಕುತ್ತಾ ಒಂಬತ್ತು ಕಳೆಯತೊಡಗಿದರು. ಮೊದಲನೇ ಸಂಖ್ಯೆಗೆ ಆರು ಉಳಿಯಿತು, ಎರಡನೆಯದಕ್ಕೆ ಎರಡು. ಆರೆರಡ್ಲಿ ಹನ್ನೆರಡು, ಒಂದು ಎರಡು ಮೂರು. ಉತ್ತರಕ್ಕೂ ಮೂರು ಉಳಿಯಬೇಕು. ನನ್ನ ಹಾಳೆಯ ಉತ್ತರಕ್ಕೆ ಮೂರು ಉಳಿಯಿತು. ನೋಟ್ಸಿನಲ್ಲಿದ್ದ ಬೋರ್ಡಿನ ಉತ್ತರಕ್ಕೂ ಮೂರೇ. ಆಗ ಬಂದದ್ದು ಆ ಮಾತು. ಅವರು ಎರಡನ್ನೂ ಪಕ್ಕಪಕ್ಕ ಇಡುವಷ್ಟರಲ್ಲಿ ಕರೆಂಟು ಹೋಯಿತು. ಬುಡ್ಡಿ ದೀಪದಲ್ಲಿ ಅಷ್ಟು ಸಣ್ಣ ಅಂಕಿ ಕಾಣುತ್ತಿರಲಿಲ್ಲ. "ಬೆಳಗ್ಗೆ ನೋಡಾಣ ಬಿಡು" ಅಂದರು. ಬೆಳಗ್ಗೆ ಅವರಿಗೆ ತಾಲ್ಲೂಕಿನ ಬಸ್ಸು ಹಿಡಿಯಬೇಕಿತ್ತು. ನಾನು ನನ್ನ ಉತ್ತರ ಉಜ್ಜಿ ಬೋರ್ಡಿನದನ್ನು ಬರೆದು ಮೇಷ್ಟ್ರಿಗೆ ತೋರಿಸಿದೆ. ಶಹಭಾಸ್ ಸಿಕ್ಕಿತು. ಅದರ ಕಹಿಯೂ ಸಿಕ್ಕಿತು.

ಐನೂರ ನಲವತ್ತು ರೂಪಾಯಿ

ಒಂಬತ್ತು ಕಳೆಯುವುದು ಗೊತ್ತಿಲ್ಲದವರಿಗೆ ಎರಡು ಮಾತು. ಹತ್ತನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ನೂರಕ್ಕೂ ಒಂದೇ, ಸಾವಿರಕ್ಕೂ ಒಂದೇ. ಅಂದರೆ ಒಂದು ಅಂಕಿ ಯಾವ ಮನೆಯಲ್ಲಿ ಕೂತಿದ್ದರೂ ಒಂಬತ್ತಿಗೆ ಅದರ ಬೆಲೆ ಅದೇ. ಬಿಡಿಯಲ್ಲಿರುವ ಏಳೂ ಏಳೇ, ಕೋಟಿಯಲ್ಲಿರುವ ಏಳೂ ಏಳೇ. ಆದ್ದರಿಂದ ಇಪ್ಪತ್ತಾರು ಅಂಕಿಗಳ ಸಂಖ್ಯೆಯ ಶೇಷ ತಿಳಿಯಲು ಅಂಕಿಗಳನ್ನು ಕೂಡಿದರೆ ಸಾಕು: ಇಲ್ಲಿ ಮೊತ್ತ 138, ಅದರ ಶೇಷ 3.

ಈ ಉಪಾಯದ ಶಕ್ತಿಯೂ ದೌರ್ಬಲ್ಯವೂ ಒಂದೇ, ಅದಕ್ಕೆ ಮನೆ ಮುಖ್ಯವಲ್ಲ. ದೌರ್ಬಲ್ಯವನ್ನೇ ಅಪ್ಪ ಆಯುಧ ಮಾಡಿಕೊಂಡಿದ್ದರು. ಒಂದು ಮಾರ್ಚ್ ಕೊನೆಯ ವಾರ, ಸಂಘದ ರೋಕಡಕ್ಕೂ ಖಾತೆ ಪುಸ್ತಕಕ್ಕೂ 540 ರೂಪಾಯಿ ವ್ಯತ್ಯಾಸ ಬಂದಿತ್ತು. ಅಧ್ಯಕ್ಷರು ಬೆವರುತ್ತಿದ್ದರು. ಅಪ್ಪನಿಗೆ ಊಟ ತೆಗೆದುಕೊಂಡು ಹೋಗಿದ್ದ ನಾನು ಮೂಲೆಯಲ್ಲಿ ನಿಂತಿದ್ದೆ. ಅಪ್ಪ ಟಿಫಿನ್ ಕ್ಯಾರಿಯರ್ ಮುಚ್ಚಳ ತೆಗೆಯುತ್ತಲೇ ಅಂದರು: "540 ಒಂಬತ್ತರಲ್ಲಿ ಹೋಗುತ್ತೆ. ದುಡ್ಡು ಎಲ್ಲೂ ಹೋಗಿಲ್ಲ ಸ್ವಾಮಿ, ಅಂಕಿ ಜಾಗ ಬದಲಾಯಿಸಿದೆ. ಒಂಬತ್ತಾರ್ಲಿ ಐವತ್ನಾಲ್ಕು, ಹಿಂದೆ ಒಂದು ಸೊನ್ನೆ. ಹತ್ತರ ಮನೆ ನೂರರ ಮನೆ ಅದಲುಬದಲಾಗಿವೆ, ಎರಡು ಅಂಕಿಗೂ ಆರು ವ್ಯತ್ಯಾಸ. ಎರಡು-ಎಂಟು, ಒಂದು-ಏಳು, ಮೂರು-ಒಂಬತ್ತು ಇರೋ ಕಡೆ ನೋಡಿ." ಅವರು ಮುದ್ದೆ ಮುಗಿಸುವ ಮೊದಲೇ ಇನ್ನೊಬ್ಬ ಗುಮಾಸ್ತರು ಕಂಡುಹಿಡಿದರು: 1,820 ಇರಬೇಕಾದ ಕಡೆ 1,280.

ಮುದ್ದೆ ಮುರಿಯುತ್ತಾ ಮಾಡಿದ ಈ ಪತ್ತೇದಾರಿಕೆಯನ್ನು ನಾನು ಬಹಳ ವರ್ಷ ಮಂತ್ರ ಅಂದುಕೊಂಡಿದ್ದೆ. ಮಂತ್ರ ಅಲ್ಲ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಆಗುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕ. ಅದಕ್ಕೇ ಒಂಬತ್ತರ ತಾಳೆಗೆ ಅದು ಸಿಕ್ಕುವುದಿಲ್ಲ, ಆದರೆ ವ್ಯತ್ಯಾಸ ಕೈಯಲ್ಲಿದ್ದರೆ ತಾನೇ ತನ್ನ ಗುರುತು ಹೇಳುತ್ತದೆ. ಟ್ರಂಕಿನ ಮುಂದೆ ನೋಟ್ಸ್ ಹಿಡಿದು ಕೂತಾಗ ಇಷ್ಟು ವರ್ಷ ಹೊಳೆಯದಿದ್ದದ್ದು ಹೊಳೆಯಿತು. ಎರಡು ಉತ್ತರಗಳೂ ಒಂಬತ್ತಿಗೆ ತಾಳೆಯಾಗಿದ್ದವು ಅಂದರೆ...

ಸಂಖ್ಯೆಯ ಮುಖ ನೋಡುವುದು

ತಕ್ಷಣ ಮೊಬೈಲಿನಲ್ಲಿ ಗುಣಿಸಲು ಹೋದೆ. ಅದು 1.89, ಹಿಂದೆ ಒಂದಷ್ಟು ಅಂಕಿ, ಆಮೇಲೆ E25 ಅಂತ ಬರೆದು ಕೈಕಟ್ಟಿ ನಿಂತಿತು. ನನಗೆ ಬೇಕಾಗಿದ್ದ ಮಧ್ಯದ ಅಂಕಿಗಳೇ ಅದಕ್ಕೆ ಬೇಡವಾದವು. ಹುಡುಕಿದರೆ ಸರಿಯಾದ ಉತ್ತರ ಎಲ್ಲಾದರೂ ಸಿಗುತ್ತಿತ್ತು, ಗೊತ್ತು. ಹುಡುಕಲಿಲ್ಲ. ಆ ಭಾನುವಾರದ ಸಾಲ ಪೆನ್ಸಿಲಿನಲ್ಲೇ ತೀರಬೇಕು ಅನ್ನಿಸಿತು. ಇನ್ನೊಂದು ಸಲ ನೂರ ಅರವತ್ತೊಂಬತ್ತು ಗುಣಾಕಾರ ಮಾಡುವ ವಯಸ್ಸೂ ಅಲ್ಲ.

ಮೊದಲು ಸುಮ್ಮನೆ ಅದರ ಮುಖ ನೋಡಿದೆ. ನಮ್ಮ ರೀತಿ ಅಲ್ಪವಿರಾಮ ಹಾಕಿ ಓದಲು ಹೊರಟರೆ ಕೋಟಿಯಿಂದಾಚೆ ನಾಲಿಗೆ ಸೋಲುತ್ತದೆ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ: ಏಕ, ದಶ, ಶತದಿಂದ ಹೊರಟು ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ ದಾಟಿ ಕೊನೆಗೆ ಮಹಾಕ್ಷೋಭ. ನಮ್ಮ ಸಂಖ್ಯೆಗೆ ಇಪ್ಪತ್ತಾರು ಸ್ಥಾನ. ಅವನ ಏಣಿಗಿಂತ ಎರಡು ಮೆಟ್ಟಿಲು ಮೇಲೆ. ಅವನ ಭಾಷೆಯಲ್ಲೇ ಹೇಳುವುದಾದರೆ ನೂರ ಎಂಬತ್ತೊಂಬತ್ತು ಮಹಾಕ್ಷೋಭ, ಮತ್ತು ಚಿಲ್ಲರೆ. ಭೂಮಿಯ ತೂಕವನ್ನು ಕಿಲೋದಲ್ಲಿ ಹೇಳಿದರೆ ಅದರ ಮೂರು ಪಟ್ಟಿಗೂ ಸ್ವಲ್ಪ ಹೆಚ್ಚು.

ಹೆಸರಿಲ್ಲದಿದ್ದರೇನು, ಸ್ವಭಾವ ತಿಳಿಯಲು ಪೂರ್ತಿ ಓದಬೇಕಿಲ್ಲ. ಕೊನೆಯಲ್ಲಿ ಒಂದೇ ಸೊನ್ನೆ ಇದೆ, ಆದ್ದರಿಂದ ಇದು ಯಾವುದೇ ಸಂಖ್ಯೆಯ ವರ್ಗ ಅಲ್ಲ. ವರ್ಗಗಳ ಕೊನೆಯಲ್ಲಿ ಸೊನ್ನೆ ಬಂದರೆ ಜೋಡಿಜೋಡಿಯಾಗಿಯೇ ಬರುತ್ತವೆ. ಕೊನೆಯ 30ನ್ನು ನಾಲ್ಕರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ವರ್ಗಗಳು ನಾಲ್ಕಕ್ಕೆ ಸೊನ್ನೆಯನ್ನೋ ಒಂದನ್ನೋ ಉಳಿಸುತ್ತವೆ, ಅವುಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದು ಎರಡು ಉಳಿಸುವುದು ಸಾಧ್ಯವಿಲ್ಲ. ಹಾಗಾಗಿ ಎರಡು ವರ್ಗಗಳ ವ್ಯತ್ಯಾಸವಾಗಿಯೂ ಇದನ್ನು ಬರೆಯಲಾಗದು. ಹೋಗಲಿ, ಎರಡು ವರ್ಗಗಳ ಮೊತ್ತವೇ? ಅದೂ ಆಗದು. ಒಂದು ವರ್ಗವನ್ನು ಮೂರರಿಂದ ಭಾಗಿಸಿದರೆ ಶೇಷ ಸೊನ್ನೆ ಅಥವಾ ಒಂದು. ಎರಡು ವರ್ಗ ಕೂಡಿ ಮೂರರಲ್ಲಿ ಹೋಗಬೇಕಾದರೆ ಎರಡೂ ಮೂರರಲ್ಲಿ ಹೋಗಬೇಕು, ಆಗ ಮೊತ್ತ ಒಂಬತ್ತರಲ್ಲೂ ಹೋಗಲೇಬೇಕು. ನಮ್ಮದು ಮೂರರಲ್ಲಿ ಹೋಗುತ್ತದೆ, ಒಂಬತ್ತರಲ್ಲಿ ಹೋಗುವುದಿಲ್ಲ. ಅಪ್ಪ ಕಂಡುಹಿಡಿದ ಆ ಶೇಷ ಮೂರರೊಳಗೆ ಇದೂ ಅಡಗಿತ್ತು, ಅವರಿಗೆ ಬೇಕಾಗಿರಲಿಲ್ಲ ಅಷ್ಟೆ. ಇಪ್ಪತ್ತಾರು ಅಂಕಿಯ ಒಂದು ದೈತ್ಯ ವರ್ಗವೂ ಅಲ್ಲ, ವರ್ಗಗಳ ಮೊತ್ತವೂ ಅಲ್ಲ, ವ್ಯತ್ಯಾಸವೂ ಅಲ್ಲ ಅಂತ ಟೀ ಆರುವ ಮೊದಲು ಖಾತ್ರಿಯಾಗಿ ಹೇಳಬಹುದು ಅನ್ನುವುದು ನನಗೆ 28 ಸೆಕೆಂಡಿಗಿಂತ ಕಡಿಮೆ ಆಶ್ಚರ್ಯವೇನಲ್ಲ.

ಆ 28 ಸೆಕೆಂಡನ್ನು ನಂಬದವರೂ ಇದ್ದಾರೆ. ಮನೋಗಣಿತಜ್ಞರ ಬಗ್ಗೆ ಅಧ್ಯಯನ ಮಾಡಿದವರಲ್ಲೇ ಕೆಲವರು ಅನುಮಾನಪಟ್ಟಿದ್ದಾರೆ; ಸೆಕೆಂಡಿಗೆ ಆರು ಗುಣಾಕಾರ, ಜೊತೆಗೆ ಕೂಡುವುದು ಬೇರೆ, ಯಾವ ಮನುಷ್ಯನಿಂದ ಆದೀತು ಅನ್ನುವುದು ಅವರ ವಾದ. ಗಿನ್ನೆಸ್ ದಾಖಲೆ ಪುಸ್ತಕ ಸೇರಿಸಿಕೊಂಡಿತು, ಪ್ರಮಾಣಪತ್ರ ಮಾತ್ರ ಶಕುಂತಲಾ ದೇವಿ ತೀರಿಕೊಂಡು ಏಳು ವರ್ಷವಾದ ಮೇಲೆ, 2020ರಲ್ಲಿ ಬಂತು. ನನಗೆ ಆ ಜಗಳದಲ್ಲಿ ಆಸಕ್ತಿ ಕಡಿಮೆ. ಅವರ ನಿಜವಾದ ಸೊಗಸು ನನಗೆ ಕಾಣುವುದು ಮೂಲ ತೆಗೆಯುವ ಲೆಕ್ಕಗಳಲ್ಲಿ. ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ 1988ರಲ್ಲಿ ಅವರನ್ನು ಪರೀಕ್ಷಿಸಿದಾಗ 61,629,875ರ ಘನಮೂಲ 395 ಅಂತ, 170,859,375ರ ಏಳನೇ ಮೂಲ 15 ಅಂತ, ಜೆನ್ಸನ್ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದರೊಳಗೆ ದೇವಿ ಹೇಳಿದ್ದರು.

1977ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ, ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ, 201 ಅಂಕಿಗಳ ಸಂಖ್ಯೆಯೊಂದರ ಇಪ್ಪತ್ತಮೂರನೇ ಮೂಲವನ್ನು 50 ಸೆಕೆಂಡಿನಲ್ಲಿ ಕೊಟ್ಟರು. ಉತ್ತರ 546,372,891. ಅದನ್ನೊಮ್ಮೆ ಸರಿಯಾಗಿ ನೋಡಿ. ಒಂದರಿಂದ ಒಂಬತ್ತರವರೆಗಿನ ಅಂಕಿಗಳು ತಲಾ ಒಂದೊಂದು ಸಲ! ಮೊತ್ತ 45, ಹಾಗಾಗಿ ಒಂಬತ್ತರಲ್ಲಿ ಹೋಗುತ್ತದೆ. ಭಾಗಿಸಿ ನೋಡಿದರೆ ಇಪ್ಪತ್ತೇಳರಲ್ಲೂ ಹೋಗುತ್ತದೆ. ಅಂದರೆ ಆ 201 ಅಂಕಿಗಳ ದೈತ್ಯನೊಳಗೆ ಮೂರು ಅನ್ನುವುದು ಅರವತ್ತೊಂಬತ್ತು ಸಲ ಕೂತಿದೆ. ಇನ್ನೊಂದು ಮಜಾ: ಎರಡರಲ್ಲೂ ಐದರಲ್ಲೂ ಹೋಗದ ಸಂಖ್ಯೆಯನ್ನು ಇಪ್ಪತ್ತಮೂರು ಸಲ ಗುಣಿಸಿದರೂ ಮೂರೇ ಸಲ ಗುಣಿಸಿದರೂ ಕೊನೆಯ ಎರಡು ಅಂಕಿ ಒಂದೇ. 91ರ ಘನ 753,571. ಡಲ್ಲಾಸಿನ ಸಂಖ್ಯೆಯ ಕೊನೆಯೂ 71. ಹಾಗಾಗಿ ಅಷ್ಟು ದೊಡ್ಡ ಸಂಖ್ಯೆಯ ಬಾಲ ನೋಡಿದರೆ ಸಾಕು, ಮೂಲದ ಬಾಲ 91 ಅಂತ ಗೊತ್ತಾಗಿಬಿಡುತ್ತದೆ. ಅವರು ಹೀಗೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಸಂಖ್ಯೆಯಲ್ಲಿ ಈ ದಾರಿ ಇದೆ ಅಂತ ಅಷ್ಟೇ ಹೇಳುತ್ತಿದ್ದೇನೆ.

ಹನ್ನೊಂದು ಒಪ್ಪಲಿಲ್ಲ

ನೋಟ್ಸಿಗೆ ವಾಪಸ್ಸು ಬರುತ್ತೇನೆ. ಒಂಬತ್ತು ಮನೆಯನ್ನು ಲೆಕ್ಕಕ್ಕಿಡುವುದಿಲ್ಲ ಅಂದಮೇಲೆ ಮನೆಯನ್ನು ಲೆಕ್ಕಕ್ಕಿಡುವವನು ಬೇಕು. ಅವನು ಹನ್ನೊಂದು. ಹತ್ತು ಹನ್ನೊಂದಕ್ಕಿಂತ ಒಂದು ಕಡಿಮೆ, ನೂರು ತೊಂಬತ್ತೊಂಬತ್ತಕ್ಕಿಂತ ಒಂದು ಹೆಚ್ಚು, ಸಾವಿರ ಮತ್ತೆ 1001ಕ್ಕಿಂತ ಒಂದು ಕಡಿಮೆ. ಹಾಗಾಗಿ ಬಲದಿಂದ ಶುರುಮಾಡಿ ಅಂಕಿಗಳನ್ನು ಒಂದು ಕೂಡಿ ಒಂದು ಕಳೆಯುತ್ತಾ ಹೋಗಬೇಕು. ಪಕ್ಕದ ಎರಡು ಅಂಕಿ ಜಾಗ ಬದಲಾಯಿಸಿದರೆ ಕೂಡಬೇಕಾದ್ದು ಕಳೆದುಹೋಗುತ್ತದೆ, ಗುಟ್ಟು ರಟ್ಟು. (ಪುಸ್ತಕಗಳನ್ನು ಗುರುತಿಸುವ ಹಳೆಯ ಹತ್ತಂಕಿಯ ಐಎಸ್‌ಬಿಎನ್ ಸಂಖ್ಯೆಗೆ ಹನ್ನೊಂದನ್ನೇ ಕಾವಲಿಟ್ಟಿದ್ದರು, ಇದೇ ಕಾರಣಕ್ಕೆ. ನಮ್ಮ ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಅಂಥದೇ ಒಂದು ಕಾವಲುಗಾರ. ಅದು ಡಚ್ ಗಣಿತಜ್ಞ ವರ್ಹೂಫ್ ರೂಪಿಸಿದ ಇನ್ನೂ ಚುರುಕಾದ ವಿಧಾನ. ಫಾರಂ ತುಂಬುವವರು ಅಕ್ಕಪಕ್ಕದ ಎರಡು ಅಂಕಿ ಅದಲುಬದಲು ಮಾಡಿದರೆ ಕಂಪ್ಯೂಟರ್ ತಕ್ಷಣ ತಪ್ಪು ಅನ್ನುವುದು ಅದರಿಂದ.)

ಗುಣಿಸುವ ಎರಡನೇ ಸಂಖ್ಯೆ, 2,465,099,745,779, ಹನ್ನೊಂದರಲ್ಲಿ ಪೂರ್ತಿ ಹೋಗುತ್ತದೆ. ಹಾಗಾದರೆ ಉತ್ತರವೂ ಹೋಗಲೇಬೇಕು, ಮೊದಲನೇ ಸಂಖ್ಯೆ ಏನೇ ಇರಲಿ. ನೋಟ್ಸಿನ ಉತ್ತರದ ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿದೆ: ಒಂದು ಕಡೆ 73, ಇನ್ನೊಂದು ಕಡೆ 65. ಎಂಟು ಉಳಿಯಿತು. ಮತ್ತೆ ಕೂಡಿದೆ. ಎಂಟೇ.

ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬೋರ್ಡಿನ ಮೇಲಿದ್ದ ಉತ್ತರ, ನಾನು ನನ್ನದನ್ನು ಉಜ್ಜಿ ಬರೆದ ಉತ್ತರ, ಶಹಭಾಸ್ ತಂದುಕೊಟ್ಟ ಉತ್ತರ ತಪ್ಪು.

ತಪ್ಪು ಅಂತ ಗೊತ್ತಾದರೆ ಸಾಲದು, ಎಲ್ಲಿ ಅಂತ ಗೊತ್ತಾಗಬೇಕು. ಅಪ್ಪನಾಗಿದ್ದರೆ ಅಲ್ಲಿಗೇ ಬಿಡುತ್ತಿರಲಿಲ್ಲ. ಒಂಬತ್ತು, ಹನ್ನೊಂದು ಎರಡೂ ತೀರ ಚಿಕ್ಕವು, ಅವುಗಳ ಶೇಷ ಹೆಚ್ಚು ಮಾತಾಡುವುದಿಲ್ಲ. ಆದರೆ ಅಲ್ಪವಿರಾಮಗಳು ಮೂರು ಮೂರು ಅಂಕಿಗೆ ಬಿದ್ದಿದ್ದವಲ್ಲ, ಅವೇ ದಾರಿ ತೋರಿಸಿದವು. ಸಾವಿರ ಅನ್ನುವುದು 999ಕ್ಕಿಂತ ಒಂದು ಹೆಚ್ಚು, 1001ಕ್ಕಿಂತ ಒಂದು ಕಡಿಮೆ. ಹಾಗಾಗಿ ಮೂರಂಕಿಯ ಗುಂಪುಗಳನ್ನೆಲ್ಲ ಕೂಡಿದರೆ 999ರ ಶೇಷ, ಬಲದಿಂದ ಒಂದು ಕೂಡಿ ಒಂದು ಕಳೆದರೆ 1001ರ ಶೇಷ. ಈ 1001 ಸಾಧಾರಣ ಆಸಾಮಿಯಲ್ಲ: ಏಳು, ಹನ್ನೊಂದು, ಹದಿಮೂರು ಈ ಮೂರನ್ನೂ ಗುಣಿಸಿದರೆ ಬರುವಂಥದ್ದು. ಮಹಾವೀರಾಚಾರ್ಯನಿಗೂ ಇಂಥ ಸಂಖ್ಯೆಗಳ ಹುಚ್ಚು ಇತ್ತು. 11011011ನ್ನು 91ರಿಂದ ಗುಣಿಸು, 1002002001 ಬರುತ್ತದೆ. 12345679ನ್ನು ಒಂಬತ್ತರಿಂದ ಗುಣಿಸು, ಒಂಬತ್ತು ಒಂದುಗಳು. 27994681ನ್ನು 441ರಿಂದ ಗುಣಿಸು, 12345654321. ಎರಡು ಕಡೆಯಿಂದ ಓದಿದರೂ ಒಂದೇ ಆಗಿರುವ ಇವನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ರಾಜನ ಆಸ್ಥಾನದಲ್ಲಿ ಹಾರ, ಸಹಕಾರ ಸಂಘದಲ್ಲಿ ತಾಳೆ.

ಲೆಕ್ಕ ಹೀಗಾಯಿತು. ಮೊದಲನೇ ಸಂಖ್ಯೆಯ ಗುಂಪುಗಳ ಮೊತ್ತ 2706, ಮಡಿಸಿದರೆ, ಅಂದರೆ ಸಾವಿರದ ಮನೆಯ 2ನ್ನು 706ಕ್ಕೆ ಕೂಡಿದರೆ, 708. ಎರಡನೆಯದರ ಮೊತ್ತ 2090, ಮಡಿಸಿದರೆ 92. ಗುಣಿಸಿದರೆ 65,136, ಅದನ್ನೂ ಮಡಿಸಿದರೆ 65ಕ್ಕೆ 136 ಕೂಡಿ 201. ಉತ್ತರಕ್ಕೆ 201 ಬರಬೇಕು. ನೋಟ್ಸಿನ ಉತ್ತರಕ್ಕೆ ಬಂದದ್ದು 237. ಮೂವತ್ತಾರು ಹೆಚ್ಚು.

1001ಕ್ಕೆ ನೋಡಿದೆ. ಕೂಡಿ ಕಳೆದಾಗ ಮೊದಲನೆಯದಕ್ಕೆ ಋಣ 214, ಎರಡನೆಯದಕ್ಕೆ ಋಣ 330. ಗುಣಿಸಿದರೆ 70,620, 620ರಲ್ಲಿ 70 ಕಳೆದರೆ 550. ನೋಟ್ಸಿನದಕ್ಕೆ ಬಂದದ್ದು 514. ಮೂವತ್ತಾರು ಕಡಿಮೆ.

ಒಂದು ಕಡೆ ಮೂವತ್ತಾರು ಹೆಚ್ಚು, ಇನ್ನೊಂದು ಕಡೆ ಅದೇ ಮೂವತ್ತಾರು ಕಡಿಮೆ. ಟ್ರಂಕಿನ ಪಕ್ಕ ನೆಲದ ಮೇಲೆ ಕೂತಿದ್ದವನು ಎದ್ದೇ ನಿಂತೆ. ಅಪ್ಪ ಮುದ್ದೆ ಮುರಿಯುತ್ತಾ ಹೇಳಿದ್ದು ಇದನ್ನೇ ಅಲ್ಲವೇ? ಮೂವತ್ತಾರು ಒಂಬತ್ತರಲ್ಲಿ ಹೋಗುತ್ತದೆ. ಒಂಬತ್ನಾಲ್ಕ್ಲಿ ಮೂವತ್ತಾರು, ಹಿಂದೆ ಸೊನ್ನೆ ಇಲ್ಲ. ಅಂದರೆ ಯಾವುದೋ ಗುಂಪಿನ ಕೊನೆಯ ಎರಡು ಅಂಕಿ ಅದಲುಬದಲಾಗಿವೆ, ಅವುಗಳ ನಡುವೆ ನಾಲ್ಕು ವ್ಯತ್ಯಾಸ, ದೊಡ್ಡದು ಮುಂದೆ ಬಂದು ಕೂತಿದೆ. ಕೂಡುವಾಗ ಹೆಚ್ಚಾದದ್ದು ಕೂಡಿ ಕಳೆಯುವಾಗ ಕಡಿಮೆಯಾಗಿದೆ ಅಂದರೆ ಆ ಗುಂಪು ಕಳೆಯುವ ಸರದಿಯದ್ದು, ಬಲದಿಂದ ಎರಡನೆಯದೋ, ನಾಲ್ಕನೆಯದೋ, ಆರನೆಯದೋ, ಎಂಟನೆಯದೋ. ಆ ನಾಲ್ಕು ಗುಂಪುಗಳು: 773, 462, 177, 947. ಕೊನೆಯ ಎರಡಂಕಿಗೆ ನಾಲ್ಕು ವ್ಯತ್ಯಾಸ, ದೊಡ್ಡದು ಮುಂದೆ ಇರುವುದು 773ರಲ್ಲಿ ಮತ್ತು 462ರಲ್ಲಿ ಮಾತ್ರ.

ಇಬ್ಬರು ಆರೋಪಿಗಳು. ಬಿಡಿಸುವುದು ಸುಲಭ. ಉತ್ತರದ ಕೊನೆಯ ಆರು ಅಂಕಿಗೆ ಎರಡೂ ಸಂಖ್ಯೆಗಳ ಕೊನೆಯ ಆರಾರು ಅಂಕಿ ಗುಣಿಸಿದರೆ ಸಾಕು, ಉಳಿದವು ಅಲ್ಲಿಗೆ ಮುಟ್ಟುವುದಿಲ್ಲ. 774,870ನ್ನು 745,779ರಿಂದ ಗುಣಿಸಿದೆ: 577,881,773,730. ಕೊನೆಯ ಆರು ಅಂಕಿ 773,730. ಎರಡನೇ ಗುಂಪು ನಿರಪರಾಧಿ. ಉಳಿದದ್ದು 462. ಅದು 426 ಆಗಬೇಕು:

18,947,668,177,995,426,462,773,730

ಪಕ್ಕದ ಗುಂಪು 462 ಇದೆ ನೋಡಿ. 426, 462. ಬರೆಯುವವನ ಕಣ್ಣು ಒಂದು ಗುಂಪು ಮುಂದೆ ಜಾರಿದೆ, ಕೈ ಎರಡು ಸಲ ಒಂದನ್ನೇ ಬರೆದಿದೆ. ಮತ್ತೆ ಒಂದು ಬಿಟ್ಟು ಒಂದು ಕೂಡಿದೆ. ಒಂದು ಕಡೆ 69, ಇನ್ನೊಂದು ಕಡೆಯೂ 69. ತಕ್ಕಡಿ ನಿಂತ ಹಾಗೆ. ಆಮೇಲೆ ಮೊಬೈಲಿನಲ್ಲಿ ಹುಡುಕಿದೆ. ಲಂಡನ್ನಿನಲ್ಲಿ ಅವರು ಹೇಳಿದ್ದು 426 ಎಂದೇ ಇದೆ.

ಈಗ ಆ ಸಂಖ್ಯೆ ಎರಡು, ಮೂರು, ಐದು, ಹನ್ನೊಂದು ಈ ಎಲ್ಲವುಗಳಲ್ಲೂ ಹೋಗುತ್ತದೆ ಅಂತ ಧೈರ್ಯವಾಗಿ ಹೇಳಬಹುದು. ಐವತ್ತರೊಳಗಿನ ಉಳಿದ ಅವಿಭಾಜ್ಯಗಳನ್ನೂ ಒಂದೊಂದಾಗಿ ಪ್ರಯತ್ನಿಸಿದೆ, 47ರವರೆಗೆ. ಒಂದೂ ಹೋಗಲಿಲ್ಲ. ಗುಣಿಸುವುದು ಇಳಿಜಾರು, ಒಡೆಯುವುದು ಏರು. ಬ್ಯಾಂಕಿನ ಎಷ್ಟೋ ಗುಟ್ಟುಗಳು ಈ ಏರಿನ ಮೇಲೇ ನಿಂತಿವೆ ಅನ್ನುತ್ತಾರೆ, ನನ್ನ ಮೊಣಕಾಲು ಅಲ್ಲಿಗೇ ಸಾಕು ಅಂದಿತು.

ಆ ಭಾನುವಾರದ ನನ್ನ ಉತ್ತರ ಸರಿಯಿತ್ತೇ? ಗೋಂದು ಹಚ್ಚಿದ ಹಾಳೆ ಉಳಿದಿಲ್ಲ. ಎಡಗಡೆಯಿಂದ ಸರಿಯಾಗಿ ಬಂದು ಮಧ್ಯದಲ್ಲಿ ಬಿಟ್ಟುಹೋದದ್ದು, ಒಂಬತ್ತಿಗೆ ತಾಳೆಯಾದದ್ದು ಎರಡೂ ಸರಿಯಿತ್ತು ಅನ್ನುವ ಕಡೆಗೇ ವಾಲುತ್ತವೆ. ತಪ್ಪು ಲೆಕ್ಕವೂ ಅದೃಷ್ಟದಿಂದ ಒಂಬತ್ತನ್ನು ದಾಟುವುದುಂಟು, ಹೆಚ್ಚುಕಡಿಮೆ ಒಂಬತ್ತರಲ್ಲಿ ಒಂದು ಸಲ. ಮೇಷ್ಟ್ರ ಚೀಟಿಯಲ್ಲೇ ತಪ್ಪಿತ್ತೋ, ಬೋರ್ಡಿನಲ್ಲಾಯಿತೋ, ನಾನು ಇಳಿಸಿಕೊಳ್ಳುವಾಗಲೋ, ಅದನ್ನು ಯಾವ ಶೇಷವೂ ಹೇಳುವುದಿಲ್ಲ. ಮೇಷ್ಟ್ರು ಇಲ್ಲ, ಅಪ್ಪನೂ ಇಲ್ಲ. ಬೆಳಗ್ಗೆ ನೋಡೋಣ ಅಂದದ್ದನ್ನು ಅವರು ಮರೆತಿದ್ದರೋ, ನಾನು ಆಗಲೇ ಉಜ್ಜಿದ್ದು ಕಂಡು ಸುಮ್ಮನಾದರೋ ಗೊತ್ತಿಲ್ಲ. ಸಂಘದ ಪುಸ್ತಕದಲ್ಲಾಗಿದ್ದರೆ ಉಜ್ಜಲು ಬಿಡುತ್ತಿರಲಿಲ್ಲ. ಅಲ್ಲಿ ಉಜ್ಜುವುದೂ ಇಲ್ಲ, ಮೇಲೆ ತಿದ್ದಿ ಬರೆಯುವುದೂ ಇಲ್ಲ. ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿನ ಅಂಕಿ ಕಾಣುವಂತೆ, ಮೇಲೆ ಸರಿಯಾದದ್ದು, ಪಕ್ಕದಲ್ಲಿ ತಿದ್ದಿದವನ ಚಿಕ್ಕ ಸಹಿ ಮತ್ತು ತಾರೀಖು.

ಟ್ರಂಕಿನಲ್ಲಿ ಅವರ ಕೆಂಪು ಪೆನ್ನು ಇತ್ತು, ಬರೆಯಲಿಲ್ಲ. ನನ್ನ ಜೇಬಿನ ನೀಲಿಯಲ್ಲೇ 462ರ ಮೇಲೆ ಗೆರೆ ಎಳೆದು 426 ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡಿದೆ.